ಉಬ್ಬಿದ ಕಲ್ಲು: ಪರ್ಲೈಟ್ ಬಗ್ಗೆ ಒಂದಿಷ್ಟು ಮಾತು

(ಉಡುಪಿಯಲ್ಲಿ ಕೈತೋಟ ಮಾಡುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನರ್ಸರಿಯಿಂದ ಗಿಡ ತಂದಾಗ ಅದರ ಬುಡದ ಮಣ್ಣಿನಲ್ಲಿ ಬಿಳಿ ಬಿಳಿ ಕಾಳುಗಳು ಕಾಣುತ್ತವೆ. ಕೆಲವರು ಅದನ್ನು ಥರ್ಮಾಕೋಲ್ ಎಂದುಕೊಂಡು ಹೆಕ್ಕಿ ಬಿಸಾಡುತ್ತಾರೆ. ಇನ್ನು ಕೆಲವರು ಗೊಬ್ಬರ ಎಂದುಕೊಂಡು, ಅದು ಕರಗುವುದನ್ನೇ ಕಾಯುತ್ತಾರೆ. ಎರಡೂ ಅಲ್ಲ. ಅದು ಕಲ್ಲು. ಜ್ವಾಲಾಮುಖಿಯಿಂದ ಬಂದ ಕಲ್ಲು. ಅದರ ಹೆಸರು ಪರ್ಲೈಟ್.

ಇಲ್ಲಿ ಮೇಜಿನ ಮೇಲೆ ಎರಡು ತಟ್ಟೆಯಲ್ಲಿ ಇಟ್ಟಿದ್ದೇನೆ. ಮುಂದೆ ಬಂದು ಮುಟ್ಟಿ ನೋಡಿ. ಒಂದರಲ್ಲಿ ಬೂದು ಬಣ್ಣದ, ಸ್ವಲ್ಪ ಹೊಳೆಯುವ ಜಲ್ಲಿಪುಡಿ ಇದೆ. ಇನ್ನೊಂದರಲ್ಲಿ ಹಿಮದ ಹಾಗೆ ಬೆಳ್ಳಗಿನ ಕಾಳು. ಎರಡೂ ಒಂದೇ ವಸ್ತು. ಮೊದಲನೆಯದು ಗಣಿಯಿಂದ ಬಂದದ್ದು, ಎರಡನೆಯದು ಕುಲುಮೆಯಿಂದ ಹೊರಬಂದದ್ದು. ಬಿಳಿ ಕಾಳನ್ನು ಉಗುರಿನಿಂದ ಒತ್ತಿ. ಪುಡಿಯಾಯಿತು, ಬೆರಳಿಗೆ ಸಣ್ಣ ಮರಳಿನ ಹಾಗೆ ಚುಚ್ಚುತ್ತದೆ, ಅಲ್ವಾ? ಥರ್ಮಾಕೋಲ್ ಆಗಿದ್ದರೆ ಒತ್ತಿದಾಗ ತಗ್ಗಿ ಸುಮ್ನೆ ಅಂಟಿಕೊಂಡಿರುತ್ತಿತ್ತು. ಬೆಂಕಿಕಡ್ಡಿ ಹಿಡಿದರೆ ಥರ್ಮಾಕೋಲ್ ಕರಗಿ ಹೋಗುತ್ತದೆ. ಇದಕ್ಕೆ ಏನೂ ಆಗುವುದಿಲ್ಲ.

ಇದು ಹುಟ್ಟುವುದು ಹೇಗೆ ಎಂದು ಮೊದಲು ಹೇಳುತ್ತೇನೆ. ಯಾಕೆಂದರೆ ಇದರ ಎಲ್ಲ ಉಪಯೋಗವೂ ಹುಟ್ಟಿನಲ್ಲೇ ಅಡಗಿದೆ.

ಎಲ್ಲ ಲಾವಾ ಒಂದೇ ತರಹ ಇರುವುದಿಲ್ಲ. ಕೆಲವು ತೆಳ್ಳಗೆ ದೂರದವರೆಗೆ ಹರಿಯುತ್ತವೆ. ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ವಸ್ತು, ಜಾಸ್ತಿ ಇರುವ ಲಾವಾ ಮಾತ್ರ ತುಂಬಾ ಮಂದ, ಹರಿಯಲು ಒಪ್ಪುವುದಿಲ್ಲ. ಇದು ಬೇಗ ತಣಿದರೆ ಒಳಗಿನ ಅಣುಗಳಿಗೆ ಹರಳಾಗಿ ಸಾಲುಗಟ್ಟಲು ಸಮಯವೇ ಸಿಗುವುದಿಲ್ಲ. ಆಗ ಅದು ಗಾಜಾಗಿ ಗಟ್ಟಿಯಾಗುತ್ತದೆ. ಕಪ್ಪಗೆ ಹೊಳೆಯುವ ಈ ಗಾಜನ್ನು ಅಬ್ಸಿಡಿಯನ್ ಎನ್ನುತ್ತಾರೆ. ಹರಳಿನ ರಚನೆ ಇಲ್ಲದ ಕಾರಣ ಭೂವಿಜ್ಞಾನಿಗಳು ಇದನ್ನೂ ಪರ್ಲೈಟನ್ನೂ ಕಟ್ಟುನಿಟ್ಟಾಗಿ ಖನಿಜ ಎಂದು ಒಪ್ಪುವುದಿಲ್ಲ, ಶಿಲೆ ಎನ್ನುತ್ತಾರೆ. ವ್ಯಾಪಾರದಲ್ಲಿ ಎಲ್ಲರೂ ಖನಿಜ ಎಂದೇ ಕರೆಯುತ್ತಾರೆ, ತೊಂದರೆ ಇಲ್ಲ.

ಹೊಸ ಅಬ್ಸಿಡಿಯನ್‌ನಲ್ಲಿ ನೀರಿನ ಅಂಶ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಮಳೆಯಲ್ಲಿ, ಅಂತರ್ಜಲದಲ್ಲಿ ಸಾವಿರಾರು ವರ್ಷ ಬಿದ್ದುಕೊಂಡರೆ ಗಾಜು ನಿಧಾನವಾಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಸೇರಿದ ಪದರ ಹಿಗ್ಗುತ್ತದೆ, ಒಂದರೊಳಗೊಂದು ದುಂಡು ದುಂಡು ಬಿರುಕು ಬೀಳುತ್ತದೆ. ಕೊನೆಗೆ ನೀರಿನ ಅಂಶ ಶೇಕಡಾ 2ರಿಂದ 5ರವರೆಗೆ ಏರುತ್ತದೆ. ಅದೇ ಪರ್ಲೈಟ್. ಈ ನೀರು ಜ್ವಾಲಾಮುಖಿಯ ಹೊಟ್ಟೆಯಿಂದ ಬಂದದ್ದಲ್ಲ, ಆಮೇಲೆ ಮಳೆಯಿಂದ ಸೇರಿದ್ದು. ನೀರಿನಲ್ಲಿರುವ ಹೈಡ್ರೋಜನ್ನಿನ ಐಸೋಟೋಪ್‌ಗಳನ್ನು, ಅಂದರೆ ತೂಕ ಬೇರೆ ಬೇರೆ ಇರುವ ಪರಮಾಣುಗಳನ್ನು, ಅಳೆದು ಇದನ್ನು ಕಂಡುಕೊಂಡಿದ್ದಾರೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಸಹಿಸಿಕೊಳ್ಳಿ. ಗಾಜಿನೊಳಗೆ ನೀರು ಇಳಿಯುವುದಕ್ಕೆ ಒಂದು ವೇಗ ಇದೆಯಲ್ಲ, ಅದನ್ನೇ ಗಡಿಯಾರ ಮಾಡಿಕೊಂಡವರಿದ್ದಾರೆ. 1960ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಇರ್ವಿಂಗ್ ಫ್ರೀಡ್‌ಮನ್ ಮತ್ತು ರಾಬರ್ಟ್ ಸ್ಮಿತ್ ಈ ದಾರಿ ತೋರಿಸಿದರು. ಆದಿಮಾನವರು ಅಬ್ಸಿಡಿಯನ್ ಒಡೆದು ಚಾಕು, ಬಾಣದ ಮೊನೆ ಮಾಡುತ್ತಿದ್ದರು. ಒಡೆದ ದಿನದಿಂದ ಆ ಹೊಸ ಮೈಗೆ ನೀರು ಇಳಿಯಲು ಶುರು. ನೀರು ಎಷ್ಟು ಆಳಕ್ಕೆ ಇಳಿದಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಅಳೆದರೆ ಆ ಚಾಕು ಎಷ್ಟು ಹಳೆಯದು ಎಂದು ಅಂದಾಜಿಸಬಹುದು. ಸ್ಥಳದ ಉಷ್ಣತೆ, ಗಾಜಿನ ರಚನೆ ಇವೆಲ್ಲ ಲೆಕ್ಕ ತಪ್ಪಿಸುತ್ತವೆ, ಹಾಗಾಗಿ ಜಾಗ್ರತೆ ಬೇಕು. ಆದರೂ ಎಂಥ ಚಂದದ ಯೋಚನೆ ನೋಡಿ.

ಇನ್ನೊಂದು ಮಾತು ನಮ್ಮ ಊರಿನದ್ದು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ನೀವೆಲ್ಲ ಹೋಗಿದ್ದೀರಿ. ಆ ಕಂಬದಂಥ ಕಲ್ಲುಗಳನ್ನು ಬಹಳ ಜನ ಬಸಾಲ್ಟ್ ಎನ್ನುತ್ತಾರೆ. ಅದು ಬಸಾಲ್ಟ್ ಅಲ್ಲ. ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಕುಟುಂಬದ ಕಲ್ಲು. ಅಂದರೆ ಪರ್ಲೈಟ್ ಹುಟ್ಟುವ ಲಾವಾದ ನೆಂಟ. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋಗುವ ಕಾಲದಲ್ಲಿ ಉಕ್ಕಿದ್ದು. ಹಾಗಾದರೆ ಅಲ್ಲಿ ಪರ್ಲೈಟ್ ಯಾಕೆ ಇಲ್ಲ? ಒಂದು, ಆ ಕಂಬಗಳು ನಿಧಾನವಾಗಿ ತಣಿದು, ಕುಗ್ಗಿ, ಬಿರಿದು ಆದವು. ಗಾಜಾಗುವಷ್ಟು ಬೇಗ ತಣಿಯಲಿಲ್ಲ. ಎರಡು, ಗಾಜು ಹಾಗೇ ಉಳಿಯುವ ವಸ್ತುವಲ್ಲ. ಲಕ್ಷಾಂತರ, ಕೋಟ್ಯಂತರ ವರ್ಷಗಳಲ್ಲಿ ಅದು ಮೆಲ್ಲಗೆ ಹರಳಾಗಿ ಬದಲಾಗುತ್ತದೆ. ಆದ್ದರಿಂದ ಜಗತ್ತಿನ ಹೆಚ್ಚಿನ ಪರ್ಲೈಟ್ ಗಣಿಗಳು ಭೂಮಿಯ ಲೆಕ್ಕದಲ್ಲಿ ಹೊಸ ಜ್ವಾಲಾಮುಖಿಗಳ ಹತ್ತಿರವೇ ಇವೆ. ಗ್ರೀಸಿನ ಮಿಲೋಸ್ ದ್ವೀಪ, ತುರ್ಕಿ, ಚೀನಾ, ಅಮೆರಿಕದ ನ್ಯೂ ಮೆಕ್ಸಿಕೊ. ನಮ್ಮ ದೇಶದಲ್ಲಿ ಗುಜರಾತಿನ ರಾಜಕೋಟ್ ಕಡೆ ಪಾಟಣವಾವ್ ಎಂಬಲ್ಲಿ ಪರ್ಲೈಟ್ ಇದೆ. ಅದು ದಖನ್ನಿನ ಲಾವಾ ಕಾಲದ್ದು, ಸುಮಾರು ಆರೂವರೆ ಕೋಟಿ ವರ್ಷ ಹಳೆಯದು. ಅಷ್ಟು ಕಾಲ ಗಾಜು ಉಳಿದದ್ದು ಅಪರೂಪ.

ಈಗ ಕುಲುಮೆಗೆ ಬರೋಣ. ನಾಗರಪಂಚಮಿಗೆ ಹೊದಳು ಹುರಿಯುವುದನ್ನು ನೋಡಿದವರಿಗೆ ನಾನು ಜಾಸ್ತಿ ವಿವರಿಸಬೇಕಾಗಿಲ್ಲ. ಕಾದ ಮರಳಿಗೆ ಭತ್ತ ಬಿದ್ದ ಕೂಡಲೇ ಒಳಗಿನ ಪಸೆ ಆವಿಯಾಗಿ, ಹೊರಗೆ ಬರಲು ದಾರಿ ಸಿಗದೆ, ಕಾಳನ್ನೇ ಅರಳಿಸಿಬಿಡುತ್ತದೆ. ಪರ್ಲೈಟ್‌ನದ್ದೂ ಅದೇ ಕತೆ. ಗಣಿಯ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ತಟ್ಟನೆ ಒಡ್ಡುತ್ತಾರೆ. ಗಾಜು ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ಒಳಗಿನ ನೀರು ಆವಿಯಾಗಿ ತಳ್ಳುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಕಾಳು ಮೊದಲಿದ್ದ ಗಾತ್ರದ 4ರಿಂದ 20 ಪಟ್ಟು ಉಬ್ಬುತ್ತದೆ. ನಿಧಾನವಾಗಿ ಕಾಯಿಸಿದರೆ ಆಗುವುದಿಲ್ಲ. ಗಾಜು ಮೆತ್ತಗಾಗುವ ಮೊದಲೇ ನೀರು ಸೋರಿ ಹೋಗುತ್ತದೆ, ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳು ತುಂಬಿ ಬೆಳಕನ್ನು ಚದುರಿಸುವುದರಿಂದ ಬೂದು ಕಲ್ಲು ಬೆಳ್ಳಗೆ ಕಾಣುತ್ತದೆ. ಬಣ್ಣ ಏನೂ ಹಾಕಿಲ್ಲ.

ಗಣಿಯ ಪರ್ಲೈಟ್ ಪುಡಿ ಒಂದು ಘನ ಮೀಟರ್‌ಗೆ ಸುಮಾರು 1,000 ಕಿಲೋ ತೂಗುತ್ತದೆ. ಉಬ್ಬಿದ ಮೇಲೆ, ಗಿಡಕ್ಕೆ ಬಳಸುವ ದಪ್ಪ ಕಾಳಾದರೆ, 100 ಕಿಲೋ ಆಸುಪಾಸು. ಅಂದರೆ ಒಂದು ಕಿಲೋಗೆ ಹತ್ತು ಲೀಟರ್. ಆದ್ದರಿಂದ ಇದನ್ನು ಉಬ್ಬಿಸಿ ಹಡಗಿನಲ್ಲಿ ಕಳಿಸಿದರೆ ಗಾಳಿಯನ್ನು ಸಾಗಿಸಿದ ಹಾಗೆ. ಕಲ್ಲಾಗಿ ಸಾಗಿಸಿ, ಬೇಕಾದ ಊರಿನ ಹತ್ತಿರ ಉಬ್ಬಿಸುವುದೇ ಪದ್ಧತಿ. ನಿಮಗೂ ಇದರಲ್ಲಿ ಒಂದು ಪಾಠ ಇದೆ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೋ ಲೀಟರ್ ಲೆಕ್ಕದಲ್ಲೋ ಕೇಳಿ ತಗೊಳ್ಳಿ. ಕಿಲೋ ಲೆಕ್ಕವಾದರೆ ಕಾಳು ಒಣಗಿದೆಯೇ ನೋಡಿ. ಒದ್ದೆ ಪರ್ಲೈಟ್ ತಗೊಂಡರೆ ದುಡ್ಡು ಕೊಡುವುದು ನೀರಿಗೆ.

ಹೀಗೆ ನೋಡಿದರೆ ಈ ಕಲ್ಲಿಗೆ ಗೊತ್ತಿರುವುದು ಒಂದೇ ಕೆಲಸ. ಜಾಗ ಹಿಡಿದುಕೊಂಡು ಖಾಲಿಯಾಗಿ ಇರುವುದು. ಸುಡುವುದಿಲ್ಲ, ಕೊಳೆಯುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಚಟ್ಟಿಯಲ್ಲಿ ಹಾಕಿದರೂ, ಆಸ್ಪತ್ರೆಯ ಆಮ್ಲಜನಕದ ಟ್ಯಾಂಕಿಗೆ ತುಂಬಿದರೂ ಮಾಡುವುದು ಅದನ್ನೇ.

ಮೊದಲು ಚಟ್ಟಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಕೊಳೆರೋಗ ಬರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಚಟ್ಟಿಯ ಗಿಡ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ ಅಲ್ಲ, ಗಾಳಿ ಕಡಿಮೆಯಾಗಿ. ಪರ್ಲೈಟ್ ಕಾಳುಗಳ ನಡುವೆ ದೊಡ್ಡ ಸಂದುಗಳಿರುತ್ತವೆ. ನೀರು ಇಳಿದು ಹೋದ ಮೇಲೆ ಅಲ್ಲಿ ಗಾಳಿ ಬಂದು ಕೂರುತ್ತದೆ. ಕಾಳಿನ ಒರಟು ಮೈಯ ಗುಳಿಗಳಲ್ಲಿ ಒಂದಿಷ್ಟು ನೀರೂ ಉಳಿಯುತ್ತದೆ.

ಆದರೆ ಅದರಲ್ಲಿ ಸಾರ ಏನೂ ಇಲ್ಲ. ಸಾರಜನಕ, ರಂಜಕ, ಪೊಟ್ಯಾಶ್ ಯಾವುದೂ ಗಿಡಕ್ಕೆ ಸಿಗುವುದಿಲ್ಲ. ನೀವು ಹಾಕಿದ ಗೊಬ್ಬರವನ್ನು ಹಿಡಿದಿಡುವ ಗುಣವೂ ಇಲ್ಲ. ಹಾಗಾಗಿ ಪರ್ಲೈಟ್ ಜಾಸ್ತಿ ಹಾಕಿದ ಚಟ್ಟಿಗೆ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡಬೇಕು.

ಅಳತೆ ಕೇಳುತ್ತೀರಿ, ಹೇಳುತ್ತೇನೆ. ಟ್ರೇಯಲ್ಲಿ ಬೀಜ ಮೊಳೆಸಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ ಇನ್ನೊಂದು ಖನಿಜ, ನೀರು ಹಿಡಿದಿಡುವಂಥದ್ದು) ಒಂದು, ಪರ್ಲೈಟ್ ಒಂದು. ಇದು ಎಲ್ಲ ಕಡೆ ರೂಢಿಯಲ್ಲಿರುವ ಮಿಶ್ರಣ. ದಾಸವಾಳ, ಮಲ್ಲಿಗೆ, ಕಾಳುಮೆಣಸಿನ ಬಳ್ಳಿಯ ತುಂಡು ಬೇರು ಬಿಡಿಸಲು ಕೊಕೊಪೀಟ್ ಮತ್ತು ಪರ್ಲೈಟ್ ಸಮಸಮ. ತಾರಸಿಯ ದೊಡ್ಡ ಚಟ್ಟಿಗೆ ಒಟ್ಟು ಮಿಶ್ರಣದ ಕಾಲು ಭಾಗ ಸಾಕು. ಉಳಿದದ್ದು ಮಣ್ಣು, ಹಟ್ಟಿಗೊಬ್ಬರ ಅಥವಾ ಕಾಂಪೋಸ್ಟ್. ನಮ್ಮ ಹಿರಿಯರು ಮಾಡುತ್ತಿದ್ದ ಸುಡುಮಣ್ಣು ಸಿಕ್ಕಿದರೆ ಇನ್ನೂ ಒಳ್ಳೆಯದು. ಅದರಲ್ಲಿ ಸಡಿಲವೂ ಇದೆ, ಬೂದಿಯ ಪೊಟ್ಯಾಶೂ ಇದೆ.

ತಾರಸಿಯ ಭಾರದ ವಿಷಯ ಬಹಳ ಜನ ಯೋಚಿಸುವುದಿಲ್ಲ. ಒದ್ದೆ ಕೆಂಪು ಮಣ್ಣು ಲೀಟರಿಗೆ ಸುಮಾರು 1.7 ಕಿಲೋ ತೂಗುತ್ತದೆ. 20 ಲೀಟರಿನ ಒಂದು ಗ್ರೋ ಬ್ಯಾಗ್ ಎಂದರೆ 34 ಕಿಲೋ. ಐವತ್ತು ಬ್ಯಾಗ್ ಇಟ್ಟರೆ 1,700 ಕಿಲೋ. ಮಳೆಗಾಲದಲ್ಲಿ ಅಷ್ಟು ಭಾರ ಹಳೆಯ ತಾರಸಿಯ ಮೇಲೆ, ಅದೂ ಒಂದೇ ಮೂಲೆಯಲ್ಲಿ! ಮಿಶ್ರಣದಲ್ಲಿ ಕೊಕೊಪೀಟ್, ಪರ್ಲೈಟ್ ಸೇರಿದರೆ ಈ ಭಾರ ಗಣನೀಯವಾಗಿ ಇಳಿಯುತ್ತದೆ. ಪರ್ಲೈಟ್‌ಗೆ ಕೊಡುವ ದುಡ್ಡಿಗೆ ತಾರಸಿಯಲ್ಲಿ ನಿಜವಾದ ಬೆಲೆ ಇದೆ ಎಂದು ನಾನು ನಂಬುವುದು ಇದಕ್ಕೇ.

ಈಗ ಈ ಗ್ಲಾಸು ನೋಡಿ. ನೀರಿಗೆ ಒಂದು ಹಿಡಿ ಹಾಕಿದೆ, ಎಲ್ಲ ಮೇಲೆ ತೇಲುತ್ತಿದೆ. ನಮ್ಮ ಮಳೆಯಲ್ಲಿ ಇದೇ ದೊಡ್ಡ ತಾಪತ್ರಯ. ಎರಡು ಜೋರು ಮಳೆ ಬಿದ್ದರೆ ಮಣ್ಣಿನಲ್ಲಿದ್ದ ಕಾಳು ಒಂದೊಂದಾಗಿ ಮೇಲೆ ಬಂದು, ಚಟ್ಟಿಯ ಅಂಚಿನಿಂದ ಹರಿದು, ತಾರಸಿಯ ಪೈಪಿನ ಬಾಯಿಗೆ ಹೋಗಿ ಕೂರುತ್ತದೆ. ಹಾಗಾಗಿ ಮಿಶ್ರಣವನ್ನು ಚಟ್ಟಿಯ ಬಾಯಿಯಿಂದ ಎರಡು ಇಂಚು ಕೆಳಗೆ ನಿಲ್ಲಿಸಿ. ಮೇಲೆ ತರಗೆಲೆಯನ್ನೋ ತೆಂಗಿನ ನಾರನ್ನೋ ಹೊದಿಸಿ. ದಪ್ಪ ಕಾಳನ್ನೇ ತಗೊಳ್ಳಿ, ಪುಡಿ ಬೇಡ. ಪುಡಿ ಸಂದುಗಳನ್ನು ಮುಚ್ಚುತ್ತದೆ, ಆಗ ಹಾಕಿದ್ದೇ ವ್ಯರ್ಥ.

ನೆಲದಲ್ಲಿ ಬೆಳೆಯುವವರಿಗೆ ಒಂದು ಮಾತು. ಮುರಕಲ್ಲಿನ ನೆಲ ತಾನಾಗಿಯೇ ನೀರು ಬಿಟ್ಟುಕೊಡುತ್ತದೆ. ಶಂಕರಪುರದ ಮಲ್ಲಿಗೆ ಗಿಡಕ್ಕೆ, ಮಟ್ಟುಗುಳ್ಳ ಬದನೆಯ ಸಾಲಿಗೆ, ತೆಂಗಿನ ಬುಡಕ್ಕೆ ಪರ್ಲೈಟ್ ಹಾಕಬೇಡಿ. ಸುಮ್ನೆ ಖರ್ಚು. ಅಲ್ಲಿ ಬೇಕಾದದ್ದು ಸೊಪ್ಪು, ಗೊಬ್ಬರ, ಕಾಲುವೆ. ಚಟ್ಟಿಯಲ್ಲಿ ಆರ್ಕಿಡ್ ಅಥವಾ ಆಂಥೂರಿಯಂ ಬೆಳೆಯುವವರಿಗೂ ಒಡೆದ ಹಂಚಿನ ಚೂರು ಮತ್ತು ಇದ್ದಿಲು ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮಲ್ಲಿ ಒಡೆದ ಹಂಚಿಗೇನು ಬರಗಾಲ? ಹಂಚಿನ ಚೂರು ತೇಲುವುದೂ ಇಲ್ಲ. ಅದರ ತೊಂದರೆ ಒಂದೇ, ಭಾರ. ನೆಲದ ಮೇಲೆ ಇಡುವ ಚಟ್ಟಿಗೆ ಹಂಚು, ತಾರಸಿಯ ಚಟ್ಟಿಗೆ ಪರ್ಲೈಟ್. ನನ್ನ ಲೆಕ್ಕ ಹೀಗೆ.

ಹಿಂದೆ ಕುಳಿತ ಅಕ್ಕ ಕೇಳುತ್ತಿದ್ದಾರೆ, ಬೇಸಗೆಯಲ್ಲಿ ಪರ್ಲೈಟ್ ನೀರು ಉಳಿಸುತ್ತದಾ ಎಂದು. ಕೊಕೊಪೀಟ್‌ನಷ್ಟು ಉಳಿಸುವುದಿಲ್ಲ ಅಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ಪರ್ಲೈಟ್ ಜಾಸ್ತಿ ಇರುವ ಚಟ್ಟಿ ಬೇಗ ಒಣಗುತ್ತದೆ. ನೀರು ಉಳಿಯಬೇಕಾದರೆ ವರ್ಮಿಕ್ಯುಲೈಟ್ ಅಥವಾ ಕೊಕೊಪೀಟ್ ಬಳಸಿ. ಗಾಳಿ ಬೇಕಾದರೆ ಮಾತ್ರ ಇದು.

ಗಿಡದ ಮಾತು ಇಷ್ಟಾಯಿತು. ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ದೊಡ್ಡ ಆಸ್ಪತ್ರೆಗಳ ಹಿಂಬದಿಯಲ್ಲಿ ಎತ್ತರದ ಬಿಳಿ ಟ್ಯಾಂಕು ನಿಂತಿರುವುದನ್ನು ನೋಡಿರುತ್ತೀರಿ. ಅದರಲ್ಲಿರುವುದು ದ್ರವರೂಪದ ಆಮ್ಲಜನಕ. ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಅನಿಲವಾಗುತ್ತದೆ, ಅದಕ್ಕೇ ದ್ರವವಾಗಿ ಇಡುವುದು. ಆದರೆ ಅದು ದ್ರವವಾಗಿ ಇರಬೇಕಾದರೆ ಮೈನಸ್ 183 ಡಿಗ್ರಿಯಲ್ಲಿ ಇರಬೇಕು. ಹೊರಗೆ ಮಂಗಳೂರಿನ 34 ಡಿಗ್ರಿ ಸೆಕೆ. ನಡುವೆ ಇನ್ನೂರು ಡಿಗ್ರಿಗೂ ಮೀರಿದ ಅಂತರ. ಅದನ್ನು ತಡೆಯುವುದು ಯಾರು ಮಾರಾಯ್ರೆ? ಟ್ಯಾಂಕಿನೊಳಗೆ ಇನ್ನೊಂದು ಟ್ಯಾಂಕು. ಎರಡರ ನಡುವೆ ನಿರ್ವಾತ. ಇಂಥ ಹೆಚ್ಚಿನ ಟ್ಯಾಂಕುಗಳಲ್ಲಿ ಆ ಜಾಗದ ತುಂಬಾ ಪರ್ಲೈಟ್ ಪುಡಿ.

ನಿರ್ವಾತವೇ ಇದ್ದರೆ ಪುಡಿ ಯಾಕೆ ಎಂದು ಕೇಳಬಹುದು. ನಿರ್ವಾತದಲ್ಲೂ ಕಾವು ವಿಕಿರಣವಾಗಿ ದಾಟುತ್ತದೆ, ಸೂರ್ಯನ ಬಿಸಿ ನಮಗೆ ತಲುಪುವುದು ಹಾಗೆಯೇ. ಪುಡಿ ಅದನ್ನು ಚದುರಿಸಿ ತಡೆಯುತ್ತದೆ. ಅಳಿದುಳಿದ ಗಾಳಿಯ ಅಣುಗಳೂ ಪುಡಿಯ ಸಂದಿನಲ್ಲಿ ಸಿಕ್ಕಿಕೊಂಡು ಕಾವನ್ನು ಆಚೆ ಒಯ್ಯಲಾರವು. ಹಾಗಾಗಿ ನಿರ್ವಾತ ಸ್ವಲ್ಪ ಸಡಿಲವಾದರೂ ಕೆಲಸ ಕೆಡುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ದ್ರವ ಆಮ್ಲಜನಕ ತಾಗಿದರೆ ಸಾಮಾನ್ಯವಾಗಿ ಉರಿಯುವ ವಸ್ತುಗಳು ಸ್ಫೋಟದ ಹಾಗೆ ಉರಿಯುತ್ತವೆ. ಅಲ್ಲಿ ಥರ್ಮಾಕೋಲ್, ಮರದ ಪುಡಿ, ಫೋಮ್ ಇಡುವುದು ಅಪಾಯ. ಪರ್ಲೈಟ್ ಈಗಾಗಲೇ ಬೆಂಕಿ ಕಂಡು ಬಂದ ಗಾಜು. ಅದರಲ್ಲಿ ಉರಿಯಲು ಏನೂ ಇಲ್ಲ.

2021ರ ಮೇ ತಿಂಗಳು, ಕೋವಿಡ್ ರೋಗಿಗಳಿಗೆ ಆಮ್ಲಜನಕ ಸಾಲದೆ ಹೋದ ದಿನಗಳು, ನೆನಪಿದೆಯಲ್ಲ? ನೌಕಾಪಡೆಯ ಐಎನ್‌ಎಸ್ ತಲ್ವಾರ್ ಬಹ್ರೇನ್‌ನಿಂದ ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ನವಮಂಗಳೂರು ಬಂದರಿಗೆ ಬಂತು. ಹಡಗು, ಲಾರಿಗಳಲ್ಲಿ ಸಾಗುವ ಟ್ಯಾಂಕುಗಳಲ್ಲಿ ಪರ್ಲೈಟ್ ಬದಲು ಹೊಳೆಯುವ ತೆಳು ಹಾಳೆಗಳ ಪದರ ಸುತ್ತುವುದೂ ಉಂಟು. ಯಾಕೆಂದರೆ ಕುಲುಕಾಟಕ್ಕೆ ಪುಡಿ ಕೆಳಗೆ ಕುಸಿದು ಮೇಲೆ ಖಾಲಿ ಬೀಳುತ್ತದೆ. ನಿಂತಲ್ಲೇ ನಿಲ್ಲುವ ಟ್ಯಾಂಕಿಗೆ ಪರ್ಲೈಟ್ ಹೇಳಿ ಮಾಡಿಸಿದ್ದು.

ಖಾಲಿ ಬಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದ್ದು. ಅಪೊಲೊ ಕಾಲದಲ್ಲಿ ರಾಕೆಟ್ಟಿನ ಇಂಧನಕ್ಕಾಗಿ ಅಲ್ಲಿ ಎರಡು ದೊಡ್ಡ ಗೋಳಗಳನ್ನು ಕಟ್ಟಿದರು. ಒಂದೊಂದರಲ್ಲಿ ಸುಮಾರು 32 ಲಕ್ಷ ಲೀಟರ್ ದ್ರವ ಹೈಡ್ರೋಜನ್, ಮೈನಸ್ 253 ಡಿಗ್ರಿಯಲ್ಲಿ. ಎರಡು ಗೋಡೆಗಳ ನಡುವೆ ಪರ್ಲೈಟ್. ಒಂದು ಗೋಳದಿಂದ ಇಂಧನ ಇನ್ನೊಂದಕ್ಕಿಂತ ಜಾಸ್ತಿ ಆವಿಯಾಗಿ ಹೋಗುತ್ತಿತ್ತು. ಅದರ ಹೊರಮೈಯಲ್ಲಿ ಒಂದು ಜಾಗ ಯಾವಾಗಲೂ ತಣ್ಣಗಿದ್ದು, ತೇವ ಕೂತು, ಬೂಷ್ಟು ಹಿಡಿದು ಕಪ್ಪಾಗುತ್ತಿತ್ತು. ಕಾರಣ, ಗೋಡೆಯ ಒಳಗೆ ಆ ಜಾಗದಲ್ಲಿ ಪರ್ಲೈಟ್ ತುಂಬಿರಲೇ ಇಲ್ಲ. ಅಲ್ಲಿ ಇತ್ತೀಚೆಗೆ ಕಟ್ಟಿದ ಹೊಸ ಗೋಳಕ್ಕೆ ಪರ್ಲೈಟ್ ಬದಲು ಅತಿ ಸಣ್ಣ ಟೊಳ್ಳು ಗಾಜಿನ ಗುಂಡುಗಳನ್ನು ತುಂಬಿದ್ದಾರೆ. ಇದೂ ಗಾಜೇ, ಇದೂ ಒಳಗೆ ಖಾಲಿಯೇ.

ಉಳಿದ ಉಪಯೋಗಗಳನ್ನು ಬೇಗ ಮುಗಿಸುತ್ತೇನೆ. ಉಬ್ಬಿದ ಪರ್ಲೈಟನ್ನು ಅರೆದರೆ ಗುಳ್ಳೆಗಳು ಒಡೆದು ಬಾಗಿದ ಚೂರುಗಳಾಗುತ್ತವೆ. ಇವನ್ನು ಜಾಲರಿಯ ಮೇಲೆ ತೆಳ್ಳಗೆ ಹರಡಿದರೆ ಒಳ್ಳೆಯ ಸೋಸುಪದರ ಆಗುತ್ತದೆ. ಹಣ್ಣಿನ ರಸ, ಅಡುಗೆ ಎಣ್ಣೆ, ಸಕ್ಕರೆ ಪಾಕ, ಬಿಯರ್ ಇವನ್ನೆಲ್ಲ ಇದರಲ್ಲಿ ಸೋಸುತ್ತಾರೆ. ಕಚೇರಿಗಳ ಬಿಳಿ ಸೀಲಿಂಗ್ ಹಲಗೆಗಳಲ್ಲಿ ಇದು ಇರುತ್ತದೆ. ಜಿಪ್ಸಂ ಗಾರೆಯಲ್ಲಿ ಸೇರಿಸಿದರೆ ಗೋಡೆ ಹಗುರ, ಬೆಂಕಿಗೂ ತಡೆ.

ತಾರಸಿಯ ಸೆಕೆ ತಡೆಯಲು ಪರ್ಲೈಟ್ ಕಾಂಕ್ರೀಟ್ ಹಾಕಿಸಬಹುದಾ ಎಂದು ಕೇಳುವವರಿದ್ದಾರೆ. ಒಣ ಹವೆಯ ಊರಿನಲ್ಲಿ ಒಳ್ಳೆಯದು. ನಮ್ಮಲ್ಲಿ ನಾನು ಹಿಂದೇಟು ಹಾಕುತ್ತೇನೆ. ಗುಳ್ಳೆಯೊಳಗಿನ ಗಾಳಿ ಕಾವನ್ನು ತಡೆಯುತ್ತದೆ, ಆದರೆ ಪದರಕ್ಕೆ ನೀರು ಇಳಿದರೆ ಆ ಗುಣ ಹೋಯಿತು, ಮೇಲಿಂದ ಭಾರವೂ ಏರುತ್ತದೆ. ಅದರ ಮೇಲಿನ ನೀರುತಡೆ ಪದರ ನಾಲ್ಕು ತಿಂಗಳ ಮಳೆಗೆ ಎಲ್ಲೂ ಬಿರಿಯಬಾರದು. ಅಷ್ಟು ಅಚ್ಚುಕಟ್ಟಾಗಿ ಮಾಡುವ ಕೆಲಸಗಾರರು ಸಿಕ್ಕಿದರೆ ಮಾಡಿಸಿ. ಇಲ್ಲದಿದ್ದರೆ ನಮ್ಮ ಕಡೆ ಎಲ್ಲರೂ ಮಾಡುವಂತೆ ಇಳಿಜಾರು ಶೀಟು ಹಾಕಿಸುವುದೇ ಸರಿ.

ಆರೋಗ್ಯದ ಬಗ್ಗೆ ಒಂದು ಹೆದರಿಕೆ ಹರಡಿದೆ, ಪರ್ಲೈಟ್‌ನಲ್ಲಿ ಕಲ್ನಾರು, ಅಂದರೆ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್, ಇದೆ ಎಂದು. ಅದು ಬೇರೆ ಕಲ್ಲಿನ ಕತೆ. ಅಮೆರಿಕದ ಮೊಂಟಾನಾದ ಲಿಬ್ಬಿ ಎಂಬಲ್ಲಿ ವರ್ಮಿಕ್ಯುಲೈಟ್ ಗಣಿ ಇತ್ತು. ಅಲ್ಲಿನ ನಿಕ್ಷೇಪದಲ್ಲಿ ಕಲ್ನಾರು ಬೆರೆತಿತ್ತು, ಬಹಳ ಜನ ಕಾಯಿಲೆಬಿದ್ದು ಸತ್ತರು. ಆ ಗಣಿ 1990ರಲ್ಲಿ ಮುಚ್ಚಿತು. ಪರ್ಲೈಟ್ ಬೇರೆ ವಸ್ತು. ಹಾಗೆಂದು ಅದರ ದೂಳು ಕುಡಿಯುವಂಥದ್ದೇನಲ್ಲ. ಸಣ್ಣ ಗಾಜಿನ ದೂಳು ಗಂಟಲು, ಕಣ್ಣು ಉರಿಸುತ್ತದೆ. ದಿನವೂ ಇದರಲ್ಲೇ ಕೆಲಸ ಮಾಡುವವರ ಶ್ವಾಸಕೋಶಕ್ಕೆ ಖಂಡಿತ ಒಳ್ಳೆಯದಲ್ಲ. ಚೀಲ ಬಿಚ್ಚಿ ಮೊದಲು ನೀರು ಚಿಮುಕಿಸಿ. ಮಾಸ್ಕ್ ಹಾಕಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ, ಆಮೇಲೆ ಸುರಿಯಿರಿ.

ಹಳೆಯ ಚಟ್ಟಿಯ ಪರ್ಲೈಟನ್ನು ಮತ್ತೆ ಬಳಸಬಹುದಾ ಎಂದು ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಧಾರಾಳವಾಗಿ. ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿ. ಕಾಳು ಮೇಲೆ ಬರುತ್ತದೆ, ಜರಡಿಯಲ್ಲಿ ತೆಗೆದು, ಕುದಿಯುವ ನೀರು ಹೊಯ್ದು, ಬಿಸಿಲಿಗೆ ಹರಡಿ. ಪುಡಿಯಾಗಿ ಹೋದದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿಬಿಡಿ. ಕಾಳುಮೆಣಸಿನ ಬಳ್ಳಿ ಸೊರಗು ರೋಗದಲ್ಲಿ ಸತ್ತ ಚಟ್ಟಿಯದ್ದಾದರೆ ಮಾತ್ರ ಹೀಗೆ ಉಳಿಸಲು ಹೋಗಬೇಡಿ. ಆ ರೋಗ ಮಣ್ಣು, ನೀರಿನ ಮೂಲಕವೇ ಹರಡುತ್ತದೆ. ತೊಳೆದ ನೀರು ಕೂಡ ತೋಟದ ಕಡೆಗೆ ಹರಿಯಬಾರದು. ಅಂಥದ್ದನ್ನು ಚಟ್ಟಿಯ ಮಣ್ಣಿನ ಸಮೇತ ಚೀಲದಲ್ಲಿ ಕಟ್ಟಿ, ತೋಟದಿಂದ ದೂರ ಹೂಳಿಬಿಡಿ.